ಯಾರ ಮಕ್ಕಳಿಗಾಗಿ ತೆರೆದ ಬಾಗಿಲು?

1975ರ ಮಾರ್ಚ್ 3ರಂದು ಆಮ್‌ಸ್ಟರ್‌ಡ್ಯಾಮಿನ ಪ್ರಿನ್ಸ್ ಹೆಂಡ್ರಿಕ್‌ಕಾಡೆ ರಸ್ತೆಯಲ್ಲಿ ಚುಂಗ್ ಮೋನ್ ಎಂಬ ಚೀನೀ ದಂಧೆಕೋರನನ್ನು ಗುಂಡಿಟ್ಟು ಕೊಂದರು. ನಗರಕ್ಕೆ ಹೆರಾಯಿನ್ ತಂದು ಸುರಿಯುತ್ತಿದ್ದ ಜಾಲಕ್ಕೆ ಅವನೇ ಯಜಮಾನ ಎಂಬುದು ಪೊಲೀಸರ ನಂಬಿಕೆ. ಅದೇ ವರ್ಷ ನವೆಂಬರ್ 25ರಂದು ದಕ್ಷಿಣ ಅಮೆರಿಕದಲ್ಲಿದ್ದ ಡಚ್ ವಸಾಹತು ಸುರಿನಾಮ್ ಸ್ವತಂತ್ರವಾಯಿತು. ಡಚ್ ಪೌರತ್ವ ಕೈತಪ್ಪುವ ಮುಂಚೆ ಹೋಗಿಬಿಡೋಣ ಎಂದು ಆ ಒಂದೇ ವರ್ಷದಲ್ಲಿ ಸುಮಾರು 40 ಸಾವಿರ ಜನ ಅಲ್ಲಿಂದ ವಿಮಾನ ಹತ್ತಿ ನೆದರ್ಲ್ಯಾಂಡ್ಸ್‌ಗೆ ಬಂದಿಳಿದರು. ಡಿಸೆಂಬರ್‌ನಲ್ಲಿ, ಚುಂಗ್ ಮೋನ್ ಸತ್ತುಬಿದ್ದ ಜಾಗದಿಂದ ಕೆಲವೇ ನಿಮಿಷಗಳ ನಡಿಗೆಯಷ್ಟು ದೂರದ ಕಾಲುವೆಯ ದಡದಲ್ಲಿ, ಹೆಂಕ್ ಡಿ ಫ್ರೀಸ್ ಎಂಬ ಯುವಕ ತನ್ನಪ್ಪನ ಹಳೆಯ ಸೆಕ್ಸ್ ಅಂಗಡಿಯ ನೆಲಮಾಳಿಗೆಯನ್ನು ತೊಳೆದು ಬಳಿದು 'ಬುಲ್‌ಡಾಗ್' ಎಂಬ ಅಂಗಡಿ ತೆರೆದ. ಅಲ್ಲಿ ಕಾಫಿಯೂ ಸಿಗುತ್ತಿತ್ತು, ಚರಸ್ಸೂ ಸಿಗುತ್ತಿತ್ತು.

ಈ ಮೂರು ಸಂಗತಿಗಳಲ್ಲಿ ಜಗತ್ತಿಗೆ ನೆನಪಿರುವುದು ಮೂರನೆಯದು ಮಾತ್ರ. ಡಚ್ಚರ ಕಾಫಿಶಾಪ್ ಎಂದರೆ ಉದಾರತೆಯ ಗುರುತು. ಶಿಕ್ಷೆಯ ಹುಚ್ಚಿಲ್ಲದೆ ಮಾದಕವಸ್ತುವಿನ ಸಮಸ್ಯೆಯನ್ನು ನಿಭಾಯಿಸಿದ ಬುದ್ಧಿವಂತ ದೇಶದ ಗುರುತು. ಅದರಲ್ಲಿ ನಿಜವಿದೆ, ಇಲ್ಲವೆನ್ನಲಾರೆ. ಆದರೆ ಈ ನೀತಿಯ ಹುಟ್ಟು ಮತ್ತು ಬೆಳವಣಿಗೆಯನ್ನು ಹತ್ತಿರದಿಂದ ನೋಡಿದರೆ ಒಂದು ಪ್ರಶ್ನೆ ಕಾಡುತ್ತದೆ. ಆ ಉದಾರತೆ ಯಾರಿಗೆ ಸಿಕ್ಕಿತು, ಯಾರನ್ನು ಹೊರಗಿಟ್ಟಿತು? ಕಾನೂನಿನ ಪುಟದಲ್ಲಿ ಬಣ್ಣದ ಮಾತೇ ಇಲ್ಲ. ಆದರೂ ಆ ಕಾನೂನು ಎಳೆದ ಗೆರೆ ಆಮ್‌ಸ್ಟರ್‌ಡ್ಯಾಮಿನ ಬೀದಿಗಳಲ್ಲಿ ಬಿಳಿಯರನ್ನೂ ಕಪ್ಪುಜನರನ್ನೂ ಬೇರ್ಪಡಿಸುವ ಗೆರೆಯ ಮೇಲೆಯೇ ಬಿತ್ತು. ಹೇಗೆ ಬಿತ್ತು ಎಂದು ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

ಡಚ್ ಸರ್ಕಾರಕ್ಕೆ ಮಾದಕವಸ್ತು ಹೊಸದಾಗಿರಲಿಲ್ಲ, ಅದರ ವ್ಯಾಪಾರದಲ್ಲಿ ಅದು ಪಳಗಿದ ಕೈ. ಡಚ್ ಈಸ್ಟ್ ಇಂಡಿಯಾ ಕಂಪನಿ ಬಂಗಾಳದಲ್ಲಿ ಅಫೀಮು ಕೊಂಡು ಜಾವಾ ದ್ವೀಪದಲ್ಲಿ ಮಾರುತ್ತಿತ್ತು. 1745ರಲ್ಲಿ ಇದಕ್ಕೆಂದೇ ಪ್ರತ್ಯೇಕ ವ್ಯಾಪಾರಿ ಸಂಘ ಕಟ್ಟಲಾಯಿತು. 19ನೇ ಶತಮಾನದಲ್ಲಿ ಅಫೀಮು ಮಾರುವ ಹಕ್ಕನ್ನು ಚೀನೀ ಗುತ್ತಿಗೆದಾರರಿಗೆ ಹರಾಜು ಹಾಕುತ್ತಿದ್ದರು. 1894ರಲ್ಲಿ ಮದುರಾ ದ್ವೀಪದಲ್ಲಿ ಪ್ರಯೋಗವಾಗಿ ಶುರುವಾದ ಸರ್ಕಾರಿ ಏಕಸ್ವಾಮ್ಯ ಮುಂದಿನ ಹತ್ತು ವರ್ಷಗಳಲ್ಲಿ ಇಡೀ ಜಾವಾವನ್ನು ಆವರಿಸಿತು. ವಸಾಹತಿನ ರಾಜಧಾನಿ ಬಟಾವಿಯಾದ ಸರ್ಕಾರಿ ಕಾರ್ಖಾನೆಯಲ್ಲಿ ಅಫೀಮನ್ನು ಸಣ್ಣ ಲೋಹದ ಕೊಳವೆಗಳಲ್ಲಿ ತುಂಬಿ ಮುದ್ರೆಯೊತ್ತಿ ಸರ್ಕಾರಿ ಅಂಗಡಿಗಳಲ್ಲಿ ಮಾರಿದರು. ವಸಾಹತಿನ ಬೊಕ್ಕಸಕ್ಕೆ ಅದು ದೊಡ್ಡ ಆದಾಯ. ಸೇದಿದವರು ಜಾವಾದವರು, ಚೀನೀಯರು. ಇತ್ತ ಆಮ್‌ಸ್ಟರ್‌ಡ್ಯಾಮಿನಲ್ಲಿ 1900ರಲ್ಲಿ ಕೊಕೇನ್ ಕಾರ್ಖಾನೆಯೇ ತೆರೆಯಿತು, ಅದಕ್ಕೆ ಬೇಕಾದ ಕೋಕಾ ಎಲೆ ಬರುತ್ತಿದ್ದುದೂ ಜಾವಾದಿಂದಲೇ.

ಹಾಗಾಗಿ 1912ರಲ್ಲಿ ಡಚ್ ಸರ್ಕಾರದ ನೆಲೆಯಾದ ಹೇಗ್ ನಗರದಲ್ಲೇ ಅಂತರರಾಷ್ಟ್ರೀಯ ಅಫೀಮು ಒಪ್ಪಂದಕ್ಕೆ ಸಹಿ ಬಿದ್ದಾಗ ಆತಿಥೇಯರ ಮನಸ್ಸು ಎರಡಾಗಿತ್ತು. ಜಗತ್ತಿನ ಒತ್ತಡಕ್ಕೆ ಮಣಿದು 1919ರಲ್ಲಿ ಅವರು ತಮ್ಮ ಮೊದಲ ಅಫೀಮು ಕಾಯ್ದೆ ತಂದರು. ವಸಾಹತಿನ ಸರ್ಕಾರಿ ಅಫೀಮು ಅಂಗಡಿಗಳು ಮಾತ್ರ ಎರಡನೇ ಮಹಾಯುದ್ಧದ ತನಕವೂ ನಡೆದವು. ಒಂದೇ ವಸ್ತು, ಒಂದೇ ರಾಜ್ಯ, ಎರಡು ಜನಕ್ಕೆ ಎರಡು ನೀತಿ. ಮುಂದಿನದನ್ನು ಅರಿಯಲು ಈ ಅಭ್ಯಾಸವನ್ನು ನೆನಪಿಟ್ಟುಕೊಳ್ಳಬೇಕು.

ತವರಿನಲ್ಲಿ ಈ ಅಭ್ಯಾಸ ಮೊದಲು ಕಾಣಿಸಿದ್ದು ಚೀನೀ ನಾವಿಕರ ವಿಷಯದಲ್ಲಿ. 1911ರಲ್ಲಿ ಹಡಗು ಕಾರ್ಮಿಕರು ಮುಷ್ಕರ ಹೂಡಿದಾಗ ಡಚ್ ಹಡಗು ಕಂಪನಿಗಳು ಅದನ್ನು ಮುರಿಯಲೆಂದು ಬ್ರಿಟನ್ನಿನಿಂದ ಚೀನೀ ನಾವಿಕರನ್ನು ಕರೆತಂದವು. ಅವರು ರಾಟರ್‌ಡ್ಯಾಮಿನ ಕಾಟೆಂಡ್ರೆಖ್ತ್ ಬಂದರು ಕೇರಿಯಲ್ಲೂ ಆಮ್‌ಸ್ಟರ್‌ಡ್ಯಾಮಿನ ನ್ಯೂಮಾರ್ಕ್ಟ್ ಸುತ್ತಮುತ್ತಲೂ ತಂಗಿದರು. ಅವರ ವಸತಿಗೃಹಗಳಲ್ಲಿ ಅಫೀಮು ಸೇದುವುದು ಪೊಲೀಸರಿಗೆ ಚೆನ್ನಾಗಿ ಗೊತ್ತಿತ್ತು. ಆದರೆ ಬಿಟ್ಟುಬಿಟ್ಟರು. ಅದು ಚೀನೀಯರ ರೂಢಿ, ಡಚ್ಚರು ಅದರೊಳಗಿಲ್ಲ, ಬೀದಿಗೆ ಬರದಿದ್ದರೆ ಸಾಕು ಎಂಬುದು ಅವರ ತರ್ಕ. ಅದೇ ಪೊಲೀಸರು 1930ರ ದಶಕದ ಆರ್ಥಿಕ ಕುಸಿತದಲ್ಲಿ ಕೆಲಸ ಕಳೆದುಕೊಂಡು ಕಡಲೆಬೀಜದ ಮಿಠಾಯಿ ಮಾರುತ್ತಾ ಬೀದಿಬೀದಿ ಅಲೆದ ಚೀನೀಯರನ್ನು ಹಿಡಿದು ಹಡಗು ಹತ್ತಿಸಿ ಗಡೀಪಾರು ಮಾಡಿದರು. ಕಂಡೂ ಕಾಣದಂತಿರುವ ಕಲೆಯನ್ನು ಡಚ್ ಪೊಲೀಸರು ಹಿಪ್ಪಿಗಳಿಂದ ಕಲಿಯಲಿಲ್ಲ. ಪರಕೀಯರ ಮೇಲೆ ಅದನ್ನು ಬಳಸಿ ಅವರಿಗೆ ಆಗಲೇ ರೂಢಿಯಾಗಿತ್ತು. ಪರಕೀಯರಿಗೆ ಆ ಕೃಪೆ ಯಾವ ಗಳಿಗೆಯಲ್ಲೂ ನಿಲ್ಲಬಹುದಿತ್ತು.

ಗಾಂಜಾ ಈ ಕಥೆಗೆ ತಡವಾಗಿ ಬಂತು. 1928ರ ಕಾಯ್ದೆ ಅದರ ಆಮದು ರಫ್ತಿಗೆ ಕಡಿವಾಣ ಹಾಕಿತು, 1953ರಲ್ಲಿ ಇಟ್ಟುಕೊಳ್ಳುವುದೂ ಅಪರಾಧವಾಯಿತು. ಆ ದಿನಗಳಲ್ಲಿ ಗಾಂಜಾ ಸೇದುತ್ತಿದ್ದವರು ಬೆರಳೆಣಿಕೆಯ ಜನ: ಪಶ್ಚಿಮ ಜರ್ಮನಿಯ ಶಿಬಿರಗಳಿಂದ ರಜೆಗೆ ಬರುತ್ತಿದ್ದ ಅಮೆರಿಕನ್ ಸೈನಿಕರು, ಹಡಗಿನವರು, ಜಾಝ್ ವಾದಕರು, ಅವರ ಸುತ್ತ ನೆರೆಯುತ್ತಿದ್ದ ಕೆಲವು ಕಲಾವಿದರು. ಝೇಡೈಕ್ ಬೀದಿಯ 'ಕಾಸಾಬ್ಲಾಂಕಾ', ನ್ಯೂಮಾರ್ಕ್ಟ್ ಚೌಕದ 'ಕಾಟನ್ ಕ್ಲಬ್' ಅವರ ತಾಣಗಳು. ಕಿಡ್ ಡೈನಮೈಟ್ ಎಂದು ಹೆಸರಾಗಿದ್ದ ಸುರಿನಾಮ್ ಮೂಲದ ಸ್ಯಾಕ್ಸೊಫೋನ್ ವಾದಕ ಇಂಥ ಕಡೆ ನುಡಿಸುತ್ತಿದ್ದ. ಪೊಲೀಸರ ಕಣ್ಣಿಗೆ ಗಾಂಜಾ ಎಂದರೆ ಕಪ್ಪುಜನ, ಜಾಝ್ ಮತ್ತು ಆ ಕ್ಲಬ್ಬುಗಳಿಗೆ ಹೋಗುವ ಬಿಳಿ ಹುಡುಗಿಯರು. ಆ ಹೊತ್ತಿನಲ್ಲಿ ಸಿಕ್ಕಿಬಿದ್ದವರಿಗೆ ಸಣ್ಣ ಪ್ರಮಾಣಕ್ಕೂ ಜೈಲು ಕಾದಿತ್ತು. ಬಿಟ್ಟುಬಿಡೋಣ ಎಂಬ ಮಾತು ಆಗ ಯಾರ ಬಾಯಲ್ಲೂ ಬರಲಿಲ್ಲ.

ಬಂದದ್ದು 1965ರ ನಂತರ, ಸೇದುವವರು ಬದಲಾದ ಮೇಲೆ. ರೋಬರ್ಟ್ ಯಾಸ್ಪರ್ ಖ್ರೋಟ್‌ಫೆಲ್ಡ್ ಎಂಬ ವಿಲಕ್ಷಣ ಪ್ರತಿಭೆಯ ಮನುಷ್ಯ ಆಮ್‌ಸ್ಟರ್‌ಡ್ಯಾಮಿನ ಸ್ಪೌ ಚೌಕದಲ್ಲಿದ್ದ ಪುಟ್ಟ ಪ್ರತಿಮೆಯ ಸುತ್ತ ರಾತ್ರಿ ಹೊತ್ತು ತಂಬಾಕು ವಿರೋಧಿ ಪೂಜೆ ನಡೆಸುತ್ತಿದ್ದ. ಅದಕ್ಕೆ ನೆರೆದ ಹುಡುಗರಿಂದ 'ಪ್ರೊವೊ' ಚಳವಳಿ ಹುಟ್ಟಿತು. ಪೊಲೀಸರನ್ನು ಕೆಣಕುವುದೇ ಅವರ ರಾಜಕೀಯ. 1969ರಲ್ಲಿ ಖ್ರೋಟ್‌ಫೆಲ್ಡ್ ತನ್ನ ಗೆಳೆಯ ಕೇಸ್ ಹೂಕರ್ಟ್ ಜೊತೆ ಕಾಲುವೆಯಲ್ಲಿ ನಿಂತಿದ್ದ ದೋಣಿಮನೆಯೊಂದರಲ್ಲಿ 'ಲೋಲ್ಯಾಂಡ್ ವೀಡ್ ಕಂಪನಿ' ಶುರುಮಾಡಿದ. ಕಾನೂನು ನಿಷೇಧಿಸಿದ್ದು ಒಣಗಿದ ಹೂತುದಿಯನ್ನು ಮಾತ್ರ, ಹಸಿ ಗಿಡವನ್ನಲ್ಲ. ಈ ಸಂದು ಹಿಡಿದು ಇಬ್ಬರೂ ಒಂದು ಗಿಲ್ಡರಿಗೆ ಒಂದರಂತೆ ಗಾಂಜಾ ಸಸಿ ಮಾರಿದರು. ದೋಣಿಯ ಛಾವಣಿಯ ಮೇಲೆ ಸಾಲಾಗಿ ಕುಂಡ, ದಡದಲ್ಲಿ ಗಿರಾಕಿಗಳು, ಸುಮ್ಮನೆ ನೋಡಿ ಮುಂದೆ ಹೋಗುವ ಪೊಲೀಸರು. 1968ರಲ್ಲಿ ಹಳೆಯ ಚರ್ಚ್ ಕಟ್ಟಡವೊಂದು 'ಪ್ಯಾರಡಿಸೊ' ಎಂಬ ಯುವಕೇಂದ್ರವಾಯಿತು, ನಗರಸಭೆಯ ಹಣವೇ ಅದಕ್ಕೆ ಬಂತು. ಒಳಗೆ ಚರಸ್ ಮಾರುವವರನ್ನು ಓಡಿಸುವ ಬದಲು, ನಂಬಿಕಸ್ಥನಾದ ಒಬ್ಬನಿಗೆ ಮಾತ್ರ ಮಾರಲು ಬಿಡುವ 'ಮನೆ ವ್ಯಾಪಾರಿ' ಪದ್ಧತಿ ಇಂಥ ಕೇಂದ್ರಗಳಲ್ಲಿ ಬೇರೂರಿತು.

ಏನು ಬದಲಾಗಿತ್ತು? ಗಿಡ ಅದೇ, ಹೊಗೆ ಅದೇ. ಕಟಕಟೆಯಲ್ಲಿ ಈಗ ನಿಂತವರು ವಿದ್ಯಾರ್ಥಿಗಳು, ವಕೀಲರ ಮಕ್ಕಳು, ಪ್ರಾಧ್ಯಾಪಕರ ಮಕ್ಕಳು. ಮಾದಕವಸ್ತು ನೀತಿಯ ಇತಿಹಾಸ ಬರೆದ ಮಾರ್ಸೆಲ್ ಡಿ ಕೋರ್ಟ್ ಈ ತಿರುವಿಗೆ ಹೆಚ್ಚು ಒತ್ತು ಕೊಡುತ್ತಾರೆ. ಮಧ್ಯಮವರ್ಗದ ಯುವಕರು ಸೇದತೊಡಗಿದ ಮೇಲೆಯೇ ಶಿಕ್ಷೆಯ ಕ್ರೌರ್ಯ ಆಳುವವರಿಗೆ ಕಾಣಿಸಿತು. ಡಚ್ ಸಮಾಜದ ಬಗ್ಗೆ ಬರೆದ ಅಮೆರಿಕನ್ ಮೂಲದ ಇತಿಹಾಸಕಾರ ಜೇಮ್ಸ್ ಕೆನಡಿಯವರ ಒತ್ತು ಬೇರೆ. ಅರವತ್ತರ ದಶಕದ ಡಚ್ ಗಣ್ಯರು ಬದಲಾವಣೆಯನ್ನು ತಡೆಯಲಾಗದ ಪ್ರವಾಹವೆಂದು ನಂಬಿದ್ದರು, ಎದುರಿಸಿ ಸೋಲುವುದಕ್ಕಿಂತ ಹೊಂದಿಕೊಂಡು ಹಿಡಿತ ಉಳಿಸಿಕೊಳ್ಳುವುದು ಅವರ ಜಾಣ್ಮೆ ಎಂದು ಕೆನಡಿಯವರ ವಾದ. ಎರಡೂ ಒಂದನ್ನೊಂದು ಅಲ್ಲಗಳೆಯುವುದಿಲ್ಲ. ನನಗೆ ತೋರುವಂತೆ, ಹೊಂದಿಕೊಳ್ಳಲು ಅವರಿಗೆ ಮನಸ್ಸು ಬಂದದ್ದೇ ಎದುರಿಗಿದ್ದವರು ಅವರ ಮನೆಯವರೇ ಆಗಿದ್ದರಿಂದ.

ಎರಡು ಸಮಿತಿಗಳು ಈ ಮನಸ್ಸಿಗೆ ಮಾತು ಕೊಟ್ಟವು. 1971ರಲ್ಲಿ ರಾಟರ್‌ಡ್ಯಾಮಿನ ಕ್ರಿಮಿನಲ್ ಕಾನೂನು ಪ್ರಾಧ್ಯಾಪಕ ಲೌಕ್ ಹುಲ್ಸ್‌ಮನ್ ನೇತೃತ್ವದ ಸಮಿತಿ, 1972ರಲ್ಲಿ ಮಾನಸಿಕ ಆರೋಗ್ಯ ಇಲಾಖೆಯ ಮುಖ್ಯ ಇನ್‌ಸ್ಪೆಕ್ಟರ್ ಪೀಟರ್ ಬಾನ್ ನೇತೃತ್ವದ ಸಮಿತಿ ವರದಿ ಕೊಟ್ಟವು. ವಸ್ತುಗಳನ್ನು ಅವು ತರುವ ಅಪಾಯಕ್ಕೆ ತಕ್ಕಂತೆ ವಿಂಗಡಿಸಬೇಕು, ಸೇದುವ ಹುಡುಗನನ್ನು ಅಪರಾಧಿ ಎಂದು ಮುದ್ರೆಯೊತ್ತಿದರೆ ಅವನು ಅಪರಾಧಿಗಳ ಸಂಗಕ್ಕೇ ಬೀಳುತ್ತಾನೆ ಎಂಬುದು ಇವುಗಳ ತಿರುಳು. ಗಾಂಜಾದಿಂದ ಹೆರಾಯಿನ್‌ಗೆ ಜನ ಹೋಗುವುದು ಗಾಂಜಾದ ಗುಣದಿಂದಲ್ಲ, ಎರಡನ್ನೂ ಒಬ್ಬನೇ ಮಾರುವುದರಿಂದ. ಆದ್ದರಿಂದ ಎರಡು ಮಾರುಕಟ್ಟೆಗಳನ್ನು ಬೇರ್ಪಡಿಸಿ. ಇದು ಮಾನವೀಯ ವಿಚಾರ, ಆ ಕಾಲಕ್ಕೆ ಧೈರ್ಯದ ವಿಚಾರ ಕೂಡ. ಅಮೆರಿಕದಲ್ಲಿ ನಿಕ್ಸನ್ ಸರ್ಕಾರ ಮಾದಕವಸ್ತುಗಳ ಮೇಲೆ ಯುದ್ಧ ಸಾರಿದ್ದ ಹೊತ್ತಿನಲ್ಲಿ ಹೇಗ್‌ನ ಅಧಿಕಾರಿಗಳು ಹೀಗೆ ಯೋಚಿಸಿದರು. 1973ರಲ್ಲಿ ಯೂಪ್ ಡೆನ್ ಔಲ್ ಅವರ ಎಡಪಂಥೀಯ ಒಲವಿನ ಸಂಪುಟ ಬಂತು. ಅದರಲ್ಲಿ ಆರೋಗ್ಯ ಸಚಿವೆ ಇರೇನೆ ಫೋರಿಂಕ್. ಅವರ ಮಗ ಕೂಸ್ ಝ್ವಾರ್ಟ್ ರೇಡಿಯೊದಲ್ಲಿ ವಾರವಾರ ಚರಸ್ಸಿನ ಮಾರುಕಟ್ಟೆ ದರ ಓದುತ್ತಿದ್ದ, ನಮ್ಮಲ್ಲಿ ಆಕಾಶವಾಣಿ ಕೃಷಿ ಮಾರುಕಟ್ಟೆಯ ಧಾರಣೆ ಓದುವ ಹಾಗೆ. ಕಾನೂನು ಬದಲಿಸಬೇಕಾದವರ ಮನೆಯೊಳಗೇ ಗಾಂಜಾ ಬಂದಿತ್ತು ಎನ್ನಲು ಇದಕ್ಕಿಂತ ಸ್ಪಷ್ಟ ಸಾಕ್ಷಿ ಬೇಕಿಲ್ಲ.

ಬಾನ್ ವರದಿ ಬಂದ ಅದೇ 1972ರ ಆಗಸ್ಟ್‌ನಲ್ಲಿ ರಾಟರ್‌ಡ್ಯಾಮಿನ ಆಫ್ರಿಕಾಂಡರ್‌ವೈಕ್ ಬಡಾವಣೆಯಲ್ಲಿ ಗಲಭೆ ಎದ್ದಿತು. ಡಚ್ ನಿವಾಸಿಗಳು ತುರ್ಕಿ ಕಾರ್ಮಿಕರ ವಸತಿಗೃಹಗಳಿಗೆ ನುಗ್ಗಿ ಸಾಮಾನುಗಳನ್ನು ಕಿಟಕಿಯಿಂದ ಬೀದಿಗೆಸೆದರು. ಇದಾದ ಮೇಲೆ ನಗರಸಭೆ ಒಂದು ಬಡಾವಣೆಯಲ್ಲಿ ಶೇ 5ಕ್ಕಿಂತ ಹೆಚ್ಚು ವಲಸಿಗರು ಇರಕೂಡದೆಂಬ ನಿಯಮ ಮಾಡಲು ಹೊರಟಿತು. 1974ರಲ್ಲಿ ಅದನ್ನು ಮೇಲಿನವರು ರದ್ದು ಮಾಡಿದರು. ಬೇರ್ಪಡಿಸುವ ಯೋಚನೆ ಆಗ ಬರೀ ಮಾದಕವಸ್ತುಗಳ ವಿಷಯದಲ್ಲಿ ಇರಲಿಲ್ಲ.

ಗಲಭೆಯಾದ 1972ರಲ್ಲೇ ಹೆರಾಯಿನ್ ಬಂತು. ಪೊಲೀಸರು ದಶಕಗಳಿಂದ ಸಹಿಸಿಕೊಂಡಿದ್ದ ಚೀನೀ ಅಫೀಮಿನ ಮೇಲೆ, ಈಗ ಬಿಳಿ ಹುಡುಗರೂ ಅದಕ್ಕೆ ಕೈಹಾಕಿದ್ದರಿಂದ, ದಾಳಿ ಶುರುಮಾಡಿದ್ದರು. ಮಾರುಕಟ್ಟೆಯಿಂದ ಅಫೀಮು ಮಾಯವಾಯಿತು. ಹಾಂಗ್‌ಕಾಂಗ್ ಮೂಲದ ಜಾಲಗಳು ಅದೇ ದಾರಿಯಲ್ಲಿ ಹೆರಾಯಿನ್ ಇಳಿಸಿದವು. ಚುಂಗ್ ಮೋನ್ ಕೊಲೆಯ ನಂತರ ಪೊಲೀಸರು ಚೀನೀಯರನ್ನು ಸಾಲುಸಾಲಾಗಿ ಬಂಧಿಸಿ ಗಡೀಪಾರು ಮಾಡತೊಡಗಿದರು. ದಂಧೆ ನಿಲ್ಲಲಿಲ್ಲ, ಕೈ ಬದಲಾಯಿತು.

ಹೊಸ ಕೈಗಳು ಯಾರವೆಂದು ಕೇಳಿದರೆ ಸುರಿನಾಮಿನ ಕಥೆ ಹೇಳಬೇಕು. ಅಲ್ಲಿಂದ ಬಂದವರಲ್ಲಿ ಆಫ್ರಿಕದ ಗುಲಾಮರ ಸಂತತಿಯವರಿದ್ದರು, ಜಾವಾದವರಿದ್ದರು. 1873ರಲ್ಲಿ 'ಲಲ್ಲಾ ರೂಕ್' ಹಡಗಿನಲ್ಲಿ ಕೋಲ್ಕತ್ತದಿಂದ ಹೊರಟ ಕರಾರು ಕೂಲಿಗಳ ಮೊಮ್ಮಕ್ಕಳು, ಮರಿಮಕ್ಕಳೂ ಇದ್ದರು. 1980ರ ಹೊತ್ತಿಗೆ ನೆದರ್ಲ್ಯಾಂಡ್ಸ್‌ನಲ್ಲಿ ಸುಮಾರು ಒಂದೂವರೆ ಲಕ್ಷ ಸುರಿನಾಮಿಗಳಿದ್ದರು. ಎಲ್ಲರೂ ಡಚ್ ಮಾತಾಡುತ್ತಿದ್ದರು, ಶಾಲೆಯಲ್ಲಿ ಡಚ್ ನದಿಗಳ ಹೆಸರು ಬಾಯಿಪಾಠ ಮಾಡಿದ್ದರು. ಬಂದ ಗಳಿಗೆ ಕೆಟ್ಟದ್ದು: ತೈಲ ಬಿಕ್ಕಟ್ಟಿನ ನಂತರದ ನಿರುದ್ಯೋಗ. ಒಂದೇ ಕಡೆ ಗುಂಪಾಗಬಾರದೆಂದು ಸರ್ಕಾರ ಅವರನ್ನು ದೇಶದ ತುಂಬ ಚದುರಿಸುವ ವಸತಿ ನೀತಿ ಹಿಡಿಯಿತು. ಆಮ್‌ಸ್ಟರ್‌ಡ್ಯಾಮಿನ ಬೈಲ್ಮರ್ ಬಡಾವಣೆಯಲ್ಲಿ ಫ್ಲ್ಯಾಟುಗಳು ಖಾಲಿ ಬಿದ್ದಿದ್ದರೂ ಸುರಿನಾಮಿ ಕುಟುಂಬಗಳಿಗೆ ಸಿಗಲಿಲ್ಲ. 1974ರಲ್ಲಿ ಅವರು ಅಲ್ಲಿನ ಖ್ಲಿಪ್‌ಹೂವೆ ಕಟ್ಟಡಕ್ಕೆ ತಾವೇ ನುಗ್ಗಿ ನೆಲೆಸಿದರು. ಯುವಕರಿಗೆ ಕೆಲಸವಿಲ್ಲ. ಕಪ್ಪು ಹುಡುಗರನ್ನು ಡಿಸ್ಕೊಗಳ ಬಾಗಿಲಲ್ಲೇ ತಡೆದು ವಾಪಸು ಕಳಿಸುವುದು ಆ ದಶಕದ ನಿತ್ಯದ ದೂರು, 1971ರಿಂದಲೇ ಅಂಥ ಭೇದ ಶಿಕ್ಷಾರ್ಹವಾಗಿದ್ದರೂ. ಉಳಿದ ಜಾಗ ಬೀದಿ. ಬೀದಿಯಲ್ಲಿ ಕಾದಿದ್ದದ್ದು ಹೆರಾಯಿನ್. ಕೆಲವರು ಮಾರಿದರು, ಮಾರುತ್ತಾ ತಾವೇ ದಾಸರಾದರು. ಬಂದವರಲ್ಲಿ ಇವರು ಸಣ್ಣ ಪಾಲು. ಪತ್ರಿಕೆಗಳ ಪುಟದಲ್ಲಿ ಮಾತ್ರ ಹೆರಾಯಿನ್‌ಗೆ ಸುರಿನಾಮಿ ಮುಖ ಅಂಟಿಕೊಂಡಿತು.

ಹೊಸ ಕಾನೂನು ಜಾರಿಯಾದದ್ದು ಈ ವಾತಾವರಣದಲ್ಲಿ. ಆರೋಗ್ಯ ಸಚಿವೆ ಫೋರಿಂಕ್ ಮತ್ತು ಕ್ಯಾಥೊಲಿಕ್ ಪಕ್ಷದ ನ್ಯಾಯ ಸಚಿವ ಡ್ರೀಸ್ ಫಾನ್ ಅಖ್ತ್ ಜೊತೆಗೂಡಿ ರೂಪಿಸಿದ ತಿದ್ದುಪಡಿ 1976ರ ನವೆಂಬರ್ 1ರಂದು ಜಾರಿಗೆ ಬಂತು. ಗಾಂಜಾ ಮತ್ತು ಚರಸ್ ಒಂದು ಪಟ್ಟಿಗೆ, ಹೆರಾಯಿನ್ ಕೊಕೇನ್ ಮುಂತಾದವು ಇನ್ನೊಂದಕ್ಕೆ. 30 ಗ್ರಾಂವರೆಗಿನ ಗಾಂಜಾ ಬರೀ ಸಣ್ಣ ತಪ್ಪು, ಕಾಗದದ ಮೇಲೆ ಹೆಚ್ಚೆಂದರೆ ಒಂದು ತಿಂಗಳ ಬಂಧನ, ಆಚರಣೆಯಲ್ಲಿ ಅದೂ ಇಲ್ಲ. ಹೆರಾಯಿನ್ ವ್ಯಾಪಾರಕ್ಕೆ ಗರಿಷ್ಠ ಶಿಕ್ಷೆ ನಾಲ್ಕು ವರ್ಷದಿಂದ ಹನ್ನೆರಡಕ್ಕೆ ಏರಿತು. ಜಗತ್ತು ಈ ಕಾನೂನಿನ ಮೊದಲ ಅರ್ಧವನ್ನು ಮಾತ್ರ ಹೊಗಳುತ್ತದೆ. ಶಿಕ್ಷೆ ಮೂರು ಪಟ್ಟಾದ ಎರಡನೇ ಅರ್ಧ ಯಾರ ಮೇಲೆ ಬಿತ್ತು ಎಂದು ಕೇಳುವವರು ಕಡಿಮೆ.

ಇಲ್ಲಿ ಎಚ್ಚರಿಕೆ ಬೇಕು. ಬಿಳಿ ಮಕ್ಕಳನ್ನು ಕಪ್ಪು ದಂಧೆಕೋರರಿಂದ ದೂರವಿಡಲೆಂದೇ ಡಚ್ಚರು ಕಾಫಿಶಾಪ್ ಸೃಷ್ಟಿಸಿದರು ಎಂಬ ವಾದ ಕೆಲವೆಡೆ ಕೇಳಿಬರುತ್ತದೆ. ಕಾಲಕ್ರಮ ಇದನ್ನು ಹಾಗೆಯೇ ಒಪ್ಪಲು ಬಿಡುವುದಿಲ್ಲ. ಮಾರುಕಟ್ಟೆ ಬೇರ್ಪಡಿಸುವ ವಿಚಾರ 1971-72ರ ವರದಿಗಳಲ್ಲೇ ಇತ್ತು, ಸುರಿನಾಮಿನ ದೊಡ್ಡ ವಲಸೆಗೆ ಮೊದಲೇ, ಹೆರಾಯಿನ್ ನೆಲೆಯೂರುವ ಮೊದಲೇ. ಸಮಿತಿಯ ಸದಸ್ಯರ ಕಣ್ಣೆದುರು ಇದ್ದದ್ದು ಪ್ಯಾರಡಿಸೊದ ವಿದ್ಯಾರ್ಥಿ, ಝೇಡೈಕ್‌ನ ಸುರಿನಾಮಿ ಯುವಕನಲ್ಲ. ಆದರೆ ವಿಚಾರ ಹುಟ್ಟಿದ ಗಳಿಗೆ ಬೇರೆ, ಅದಕ್ಕೆ ಸಂಸತ್ತಿನಲ್ಲಿ ಬೆಂಬಲ ಸಿಕ್ಕ ಗಳಿಗೆ ಬೇರೆ. 1976ರಲ್ಲಿ ಕೈ ಎತ್ತಿದ ಸದಸ್ಯರಿಗೆ ಹೆರಾಯಿನ್ ಎಂದರೆ ಯಾರು, ಚರಸ್ ಎಂದರೆ ಯಾರು ಎಂಬ ಚಿತ್ರ ದಿನಪತ್ರಿಕೆಗಳಿಂದ ಆಗಲೇ ಮೂಡಿತ್ತು. ಹುನ್ನಾರವಿತ್ತೆಂದು ನಾನು ಹೇಳಲಾರೆ. ಇದ್ದದ್ದು ಸಹಾನುಭೂತಿಯ ಮಿತಿ. ತಮ್ಮ ಮಗನ ತಪ್ಪನ್ನು ಬೆಳೆಯುವ ವಯಸ್ಸಿನ ಪ್ರಯೋಗವೆಂದು ಕಂಡವರಿಗೆ ಇನ್ನೊಬ್ಬರ ಮಗನ ತಪ್ಪು ಅವನ ಜನಾಂಗದ ಸ್ವಭಾವವಾಗಿ ಕಂಡಿತು. ಸುರಿನಾಮ್ ಮೂಲದ ವಿದ್ವಾಂಸರಾದ ಫಿಲೊಮೆನಾ ಎಸ್ಸೆಡ್ ಎಂಬತ್ತರ ದಶಕದಲ್ಲಿ, ಗ್ಲೋರಿಯಾ ವೆಕ್ಕರ್ ಇತ್ತೀಚೆಗೆ ಡಚ್ ಸಮಾಜದ ಬಗ್ಗೆ ತೋರಿಸಿಕೊಟ್ಟದ್ದು ಇದನ್ನೇ: ತಾವು ಜನಾಂಗಭೇದ ಮಾಡುವವರಲ್ಲ ಎಂಬ ಗಟ್ಟಿ ನಂಬಿಕೆಯ ಕೆಳಗೇ ಭೇದ ಸಲೀಸಾಗಿ ನಡೆಯುತ್ತದೆ.

ಕಾನೂನಿನಲ್ಲಿ ಕಾಫಿಶಾಪ್ ಎಂಬ ಮಾತೇ ಇರಲಿಲ್ಲ. ಅದು ಬೀದಿಯಲ್ಲಿ ಹುಟ್ಟಿತು. 1972ರಲ್ಲಿ ವೆರ್ನಾರ್ಡ್ ಬ್ರೌನಿಂಗ್ ಮತ್ತು ಗೆಳೆಯರು ಪಾಳುಬಿದ್ದ ಬೇಕರಿಯೊಂದರಲ್ಲಿ 'ಮೆಲೊ ಯೆಲೊ' ಟೀ ಅಂಗಡಿ ತೆರೆದಿದ್ದರು. ಗಿರಾಕಿಯಂತೆ ನಟಿಸುತ್ತಾ ಬಾರ್ ಎದುರು ಕುಳಿತವನೇ ಮಾರಾಟಗಾರ, ಮೊದಲೇ ತೂಗಿ ಕಟ್ಟಿಟ್ಟ ಪೊಟ್ಟಣಗಳು ಅವನ ಬಳಿ. ಆ ಮಾದರಿಯನ್ನು ನೂರಾರು ಜನ ಹಿಡಿದರು. 1980ರಲ್ಲಿ ಸರ್ಕಾರಿ ವಕೀಲರ ಮಾರ್ಗಸೂಚಿ ಪ್ರಕಟವಾದಾಗ 'ಮನೆ ವ್ಯಾಪಾರಿ'ಗೆ ಸಿಕ್ಕ ವಿನಾಯಿತಿಯನ್ನು ಕಾಫಿಶಾಪುಗಳೂ ತಮ್ಮದಾಗಿಸಿಕೊಂಡವು. ಮುಂಬಾಗಿಲಲ್ಲಿ ಮಾರಬಹುದು, ಆದರೆ ಹಿಂಬಾಗಿಲಿನಿಂದ ಮಾಲು ತರಿಸುವುದು ಅಪರಾಧ. ಅಂದರೆ ಮಾರುವ ಅಂಗಡಿಗೆ ವಿನಾಯಿತಿ, ಅದಕ್ಕೆ ಮಾಲು ಹೊತ್ತು ತರುವವನಿಗೆ ಜೈಲು.

ಎಂಬತ್ತರ ದಶಕದ ಝೇಡೈಕ್ ಬೀದಿಯನ್ನು ನೋಡಿದರೆ ಈ ವಿಂಗಡಣೆ ಕಣ್ಣಿಗೆ ರಾಚುತ್ತದೆ. ಬೀದಿಯ ಉದ್ದಕ್ಕೂ ಮುಚ್ಚಿದ ಅಂಗಡಿಗಳು, ಹಲಗೆ ಹೊಡೆದ ಕಿಟಕಿಗಳು, ಗೋಡೆಗೊರಗಿ ನಿಂತ ಮಾರಾಟಗಾರರು, ಸೂಜಿಗಳು. ಮೇಯರ್ ಎಡ್ ಫಾನ್ ಟೈನ್ ತುರ್ತು ಅಧಿಕಾರ ಬಳಸಿ ಜನರನ್ನು ಆ ಪ್ರದೇಶದಿಂದ ಹೊರಗಟ್ಟುವ ಆದೇಶ ಜಾರಿ ಮಾಡಿದರು. ಮೊದಲ ಸಲ ಎಂಟು ಗಂಟೆ, ಮತ್ತೆಮತ್ತೆ ಸಿಕ್ಕವರಿಗೆ ಹದಿನಾಲ್ಕು ದಿನ ಅತ್ತ ಸುಳಿಯುವಂತಿಲ್ಲ. ಯಾರನ್ನು ತಡೆದು ಕೇಳಬೇಕೆಂಬುದು ಪೊಲೀಸರ ವಿವೇಚನೆಗೆ ಬಿಟ್ಟದ್ದು, ಆ ಬೀದಿಯಲ್ಲಿ ಮೊದಲು ಕಣ್ಣಿಗೆ ಬೀಳುವುದು ಮೈಬಣ್ಣ. 1985ರಲ್ಲಿ ಬೀದಿಯ ಕಟ್ಟಡಗಳನ್ನು ಕೊಂಡು ದುರಸ್ತಿ ಮಾಡಲು ವಿಶೇಷ ಕಂಪನಿಯೊಂದು ಹುಟ್ಟಿತು. ಅದೇ 1985ರಲ್ಲಿ ಬುಲ್‌ಡಾಗ್ ಕಾಫಿಶಾಪ್ ಲೈಡ್ಸೆಪ್ಲೈನ್ ಚೌಕದಲ್ಲಿ ಹೊಸ ಶಾಖೆ ತೆರೆಯಿತು, ಮೊದಲು ಪೊಲೀಸ್ ಠಾಣೆಯಾಗಿದ್ದ ಕಟ್ಟಡದಲ್ಲಿ.

ರಾಜಕೀಯದ ಗಾಳಿಯೂ ಬದಲಾಗಿತ್ತು. 1982ರಲ್ಲಿ ವಲಸಿಗರ ವಿರೋಧವನ್ನೇ ಬಂಡವಾಳ ಮಾಡಿಕೊಂಡ ಹಾನ್ಸ್ ಯಾನ್‌ಮಾತ್ ಸಂಸತ್ತಿಗೆ ಆಯ್ಕೆಯಾದ. ಮರುವರ್ಷ ಆಗಸ್ಟ್‌ನಲ್ಲಿ ಕೆರ್ವಿನ್ ಡೌನ್‌ಮೈಯರ್ ಎಂಬ ಹದಿನೈದರ ಹುಡುಗನನ್ನು, ಕೆರಿಬಿಯನ್ನಿನ ಡಚ್ ದ್ವೀಪಗಳಾದ ಆಂಟಿಲ್ಲಿಸ್ ಮೂಲದವನನ್ನು, ಆಮ್‌ಸ್ಟರ್‌ಡ್ಯಾಮಿನ ನಡುವೆಯೇ ಒಬ್ಬ ಸ್ಕಿನ್‌ಹೆಡ್ ಇರಿದು ಕೊಂದ. ರಕ್ತ ಸುರಿಯುತ್ತಿದ್ದ ಹುಡುಗನನ್ನು ಟ್ಯಾಕ್ಸಿಯವನು ಹತ್ತಿಸಿಕೊಳ್ಳಲಿಲ್ಲ. ಸಹಿಷ್ಣುತೆಯ ರಾಜಧಾನಿ ಎಂದು ಜಗತ್ತು ಕರೆಯುತ್ತಿದ್ದ ಊರಿನಲ್ಲಿ ಇದು ನಡೆದದ್ದು.

ಇನ್ನೊಂದು ಮುಖವನ್ನೂ ಹೇಳದಿದ್ದರೆ ಅನ್ಯಾಯವಾಗುತ್ತದೆ. 1979ರಿಂದ ಆಮ್‌ಸ್ಟರ್‌ಡ್ಯಾಮಿನಲ್ಲಿ ಹೆರಾಯಿನ್ ಬದಲಿಗೆ ಕೊಡುವ ಮೆಥಡೋನ್ ಔಷಧಿಯ ಬಸ್ಸು ಓಡಿತು, ಎಂಬತ್ತರ ದಶಕದಲ್ಲಿ ಸೂಜಿ ಬದಲಿಸಿಕೊಡುವ ವ್ಯವಸ್ಥೆ ಬಂತು. ಬಸ್ಸು ಹತ್ತಿದ ವ್ಯಸನಿಯ ಬಣ್ಣವನ್ನು ಯಾರೂ ಕೇಳಲಿಲ್ಲ. ಅಮೆರಿಕದಲ್ಲಿ ಇದೇ ಹೊತ್ತಿನಲ್ಲಿ ಕಪ್ಪು ಯುವಕರು ಸಣ್ಣ ಪ್ರಮಾಣದ ಕ್ರ್ಯಾಕ್ ಕೊಕೇನ್‌ಗೆ ವರ್ಷಾನುಗಟ್ಟಲೆ ಜೈಲು ಸೇರುತ್ತಿದ್ದರು. ಆ ಹೋಲಿಕೆಯಲ್ಲಿ ಡಚ್ ನೀತಿ ಜೀವ ಉಳಿಸಿತು, ಸುರಿನಾಮಿಗಳ ಜೀವವನ್ನೂ. ಸುರಿನಾಮಿಗಳ ಮುಂದಿನ ತಲೆಮಾರು ಬಹುಮಟ್ಟಿಗೆ ಹೆರಾಯಿನ್ ಮುಟ್ಟಲಿಲ್ಲ, ಅಣ್ಣಂದಿರ ಗತಿ ನೋಡಿಯೇ ದೂರ ಸರಿಯಿತು. ಮಾರುಕಟ್ಟೆ ಬೇರ್ಪಟ್ಟದ್ದಕ್ಕೆ ಫಲ ಸಿಕ್ಕಿತೇ ಎಂಬುದರ ಬಗ್ಗೆ ಸಂಶೋಧಕರು ಇಂದಿಗೂ ಒಮ್ಮತಕ್ಕೆ ಬಂದಿಲ್ಲ. ಅಮೆರಿಕದ ರಾಬರ್ಟ್ ಮೆಕೌನ್ ಮತ್ತು ಪೀಟರ್ ರಾಯ್ಟರ್ 1997ರಲ್ಲಿ, ಶಿಕ್ಷೆ ಸಡಿಲಿಸಿದ್ದರಿಂದ ಬಳಕೆ ಹೆಚ್ಚಲಿಲ್ಲ, ಆದರೆ ಎಂಬತ್ತರ ದಶಕದಲ್ಲಿ ಅಂಗಡಿಗಳು ಎಗ್ಗಿಲ್ಲದೆ ಹೆಚ್ಚಿದ್ದು ಬಳಕೆ ಹೆಚ್ಚಿಸಿರಬಹುದು ಎಂದರು. ಡಚ್ ಸಂಶೋಧಕರು ಅದನ್ನು ಪ್ರಶ್ನಿಸಿದರು.

1991ರಲ್ಲಿ ದೇಶಕ್ಕೆಲ್ಲ ಒಂದೇ ನಿಯಮ ಬಂತು: ಜಾಹೀರಾತು ಇರಬಾರದು, ಗಡುಸು ಮಾದಕವಸ್ತು ಇರಬಾರದು, ನೆರೆಹೊರೆಗೆ ಉಪದ್ರವ ಆಗಬಾರದು, ಎಳೆಯರನ್ನು ಸೇರಿಸಬಾರದು, ದೊಡ್ಡ ಪ್ರಮಾಣದಲ್ಲಿ ಮಾರಬಾರದು. ಜಾಹೀರಾತಿನ ನಿಷೇಧ ಎಷ್ಟು ಬಿಗಿ ಎಂದರೆ ಕೆಲವು ಅಂಗಡಿಗಳಲ್ಲಿ ಗಿರಾಕಿ ಗುಂಡಿ ಒತ್ತಿದರೆ ಮಾತ್ರ ದರಪಟ್ಟಿಗೆ ಬೆಳಕು ಹತ್ತುತ್ತಿತ್ತು. 1996ರಲ್ಲಿ ಫ್ರಾನ್ಸ್ ಮತ್ತಿತರ ನೆರೆಯವರ ಒತ್ತಡದಲ್ಲಿ ಒಬ್ಬರಿಗೆ ಮಾರುವ ಮಿತಿ 30ರಿಂದ 5 ಗ್ರಾಂಗೆ ಇಳಿಯಿತು, ಅಂಗಡಿಯ ದಾಸ್ತಾನಿಗೆ 500 ಗ್ರಾಂ ಮಿತಿ ಬಿತ್ತು. 1997ರಲ್ಲಿ 1,179 ಇದ್ದ ಕಾಫಿಶಾಪುಗಳು 1999ಕ್ಕೆ 846 ಆದವು. ಈ ನಿಯಮಗಳಲ್ಲಿ ಹೆಚ್ಚು ಕೆಲಸ ಮಾಡಿದ್ದು 'ಉಪದ್ರವ' ಎಂಬ ಷರತ್ತು. ಅಂಗಡಿಯೆದುರು ಬಿಳಿ ವಿದ್ಯಾರ್ಥಿಗಳು ಸೈಕಲ್ ನಿಲ್ಲಿಸಿ ಹರಟಿದರೆ ಅದು ಊರಿನ ಲವಲವಿಕೆ. ಮೊರೊಕ್ಕೊ ಮೂಲದ ಹುಡುಗರು ಮೂಲೆಯಲ್ಲಿ ನಿಂತರೆ ದೂರು ಹೋಗುತ್ತಿತ್ತು. ತೊಂಬತ್ತರ ದಶಕದಲ್ಲಿ ಸಂಘಟಿತ ಅಪರಾಧದ ಬಗ್ಗೆ ನಡೆದ ಫಾನ್ ತ್ರಾ ಸಂಸದೀಯ ವಿಚಾರಣೆಗೆ ಸಿದ್ಧವಾದ ವರದಿಗಳು ಅಪರಾಧವನ್ನು ಜನಾಂಗವಾರು ವಿಂಗಡಿಸಿ ನೋಡಿದವು, ಅದಕ್ಕೆ ತೀವ್ರ ವಿರೋಧವೂ ಬಂತು. ಅಂಗಡಿಗಳಲ್ಲಿ ಮಾರಿಹೋಗುತ್ತಿದ್ದ ಚರಸ್ಸಿನ ಬಹುಪಾಲು ಮೊರೊಕ್ಕೊದ ರಿಫ್ ಬೆಟ್ಟಗಳದ್ದು. ಡಚ್ಚರ ಗಣಿ, ಕಾರ್ಖಾನೆಗಳಿಗೆ 1969ರ ಒಪ್ಪಂದದ ಮೇಲೆ ಬಂದ ಕಾರ್ಮಿಕರಲ್ಲಿ ಬಹಳ ಜನ ಅದೇ ಬೆಟ್ಟಗಳವರು. ಮಾಲಿಗೆ ಸಿಕ್ಕ ಸ್ವಾಗತ ಆ ಕಾರ್ಮಿಕರ ಮಕ್ಕಳಿಗೆ ಸಿಗಲಿಲ್ಲ.

ಈ ನಂಟು ನೇರವಾಗಿ ರಾಜಕೀಯಕ್ಕಿಳಿದದ್ದು 2010ರ ನಂತರ. ಮಾರ್ಕ್ ರುಟ್ಟೆಯವರ ಮೊದಲ ಸರ್ಕಾರ ಖೀರ್ಟ್ ವಿಲ್ಡರ್ಸ್ ಅವರ ವಲಸೆ ವಿರೋಧಿ ಪಕ್ಷದ ಹೊರಗಿನ ಬೆಂಬಲದಿಂದ ನಿಂತಿತ್ತು. ಆ ಸರ್ಕಾರ ಕಾಫಿಶಾಪುಗಳನ್ನು ಸ್ಥಳೀಯರಿಗಷ್ಟೇ ಮೀಸಲಾದ ಮುಚ್ಚಿದ ಕ್ಲಬ್ಬುಗಳನ್ನಾಗಿ ಮಾಡಹೊರಟಿತು. ಗಡಿಯೂರಾದ ಮಾಸ್ಟ್ರಿಖ್ತ್ ಆಗಲೇ ಇಂಥ ನಿಯಮ ಮಾಡಿತ್ತು, 2010ರ ಡಿಸೆಂಬರ್‌ನಲ್ಲಿ ಯುರೋಪಿಯನ್ ನ್ಯಾಯಾಲಯ ಅದು ಸರಿ ಎಂದಿತ್ತು. 2012ರ ಮೇ 1ರಿಂದ ದಕ್ಷಿಣದ ಮೂರು ಪ್ರಾಂತ್ಯಗಳಲ್ಲಿ 'ಗಾಂಜಾ ಪಾಸ್' ಜಾರಿಯಾಯಿತು. ಹೆಸರು ನೋಂದಾಯಿಸಿದರೆ ಮಾತ್ರ ಒಳಗೆ ಪ್ರವೇಶ. ಸರ್ಕಾರದ ದಾಖಲೆಯಲ್ಲಿ ಗಾಂಜಾ ಗಿರಾಕಿ ಎಂದು ಹೆಸರು ಬರೆಸಲು ಜನ ಹಿಂಜರಿದರು. ವ್ಯಾಪಾರ ಬೀದಿಗೆ ಹರಿಯಿತು, ಸರ್ಕಾರ ಮಾಡಿಸಿದ ಮೌಲ್ಯಮಾಪನವೂ ಅದನ್ನು ಒಪ್ಪಿಕೊಂಡಿತು. ಬೀದಿಗಿಳಿದವರು ಮತ್ತೆ ಬಡಾವಣೆಗಳ ನಿರುದ್ಯೋಗಿ ಯುವಕರೇ. ಎಪ್ಪತ್ತರ ದಶಕದಲ್ಲಿ ಸುರಿನಾಮಿಗಳಿಗೆ ಅಂಟಿದ ಹೆಸರು ಈಗ ಮೊರೊಕ್ಕನ್ನರಿಗೆ ಅಂಟಿತು. ಆಮ್‌ಸ್ಟರ್‌ಡ್ಯಾಮಿನ ಮೇಯರ್ ಎಬರ್‌ಹಾರ್ಡ್ ಫಾನ್ ಡೆರ್ ಲಾನ್ ಪಾಸ್ ಬೇಡವೆಂದು ಪಟ್ಟುಹಿಡಿದರು, ಆ ವರ್ಷದ ಕೊನೆಗೆ ಪಾಸ್ ಬಿದ್ದುಹೋಯಿತು. ಎರಡು ವರ್ಷದ ಬಳಿಕ ವಿಲ್ಡರ್ಸ್ ತುಂಬಿದ ಸಭೆಯಲ್ಲಿ ಮೊರೊಕ್ಕನ್ನರು ಕಡಿಮೆಯಾಗಬೇಕೆಂಬ ಘೋಷಣೆ ಕೂಗಿಸಿದರು. ಒಂದು ಜನಾಂಗವನ್ನು ಅವಮಾನಿಸಿದ ಅಪರಾಧ ಅವರ ಮೇಲೆ ಸಾಬೀತಾಯಿತು, ಶಿಕ್ಷೆ ಮಾತ್ರ ಆಗಲಿಲ್ಲ.

ಹಿಂಬಾಗಿಲಿನ ಗೊಂದಲಕ್ಕೆ ಈಗ ಕೊನೆಗೂ ಪರಿಹಾರ ಹುಡುಕುತ್ತಿದ್ದಾರೆ. 2023ರ ಡಿಸೆಂಬರ್‌ನಲ್ಲಿ ಬ್ರೆಡಾ ಮತ್ತು ಟಿಲ್‌ಬರ್ಗ್‌ನಲ್ಲಿ ಶುರುವಾದ ಪ್ರಯೋಗ 2025ರ ಏಪ್ರಿಲ್‌ನಿಂದ ಹತ್ತು ಪುರಸಭೆಗಳಲ್ಲಿ ಪೂರ್ಣವಾಗಿ ನಡೆಯುತ್ತಿದೆ. ಸರ್ಕಾರದ ಪರವಾನಗಿ ಪಡೆದ ಬೆಳೆಗಾರರು ಮುದ್ರೆಯೊತ್ತಿದ ಪೊಟ್ಟಣಗಳಲ್ಲಿ ಕಾಫಿಶಾಪುಗಳಿಗೆ ಮಾಲು ಪೂರೈಸುತ್ತಾರೆ. ಪರವಾನಗಿ ಬೇಕಾದರೆ ಹಿನ್ನೆಲೆಯ ಕಟ್ಟುನಿಟ್ಟಿನ ತನಿಖೆಯಲ್ಲಿ ಪಾಸಾಗಬೇಕು, ದೊಡ್ಡ ಬಂಡವಾಳವೂ ಇರಬೇಕು. ಹಿಂಬಾಗಿಲಿನ ಕೆಲಸಕ್ಕೆ ಹಿಂದೆ ಜೈಲು ಕಂಡವರಿಗೆ ಆ ತನಿಖೆಯೇ ಅಡ್ಡಗೋಡೆ. ಅಮೆರಿಕದ ಮಸಾಚುಸೆಟ್ಸ್, ನ್ಯೂಯಾರ್ಕ್ ಮುಂತಾದ ರಾಜ್ಯಗಳು ಗಾಂಜಾವನ್ನು ಕಾನೂನುಬದ್ಧ ಮಾಡಿದಾಗ, ಹಳೆಯ ಕಾನೂನಿನಿಂದ ಹೆಚ್ಚು ನೊಂದ ಸಮುದಾಯಗಳಿಗೆ ಪರವಾನಗಿಯಲ್ಲಿ ಆದ್ಯತೆ ಕೊಡುವ ಕಲಮು ಸೇರಿಸಿದವು. ಅದರ ಜಾರಿಯಲ್ಲಿ ಎಡವಿದ್ದು ನಿಜ, ಆದರೆ ಪ್ರಶ್ನೆಯನ್ನಾದರೂ ಎತ್ತಿದವು. ಹೇಗ್‌ನ ನಿಯಮಾವಳಿಯಲ್ಲಿ ಅಂಥ ಕಲಮು ಇಲ್ಲ. ಗುಲಾಮಗಿರಿಗಾಗಿ 2022ರ ಡಿಸೆಂಬರ್‌ನಲ್ಲಿ ಪ್ರಧಾನಿ, 2023ರ ಜುಲೈ 1ರಂದು ದೊರೆ ಕ್ಷಮೆ ಕೇಳಿದ ದೇಶ ಅದು. ಪ್ರಯೋಗದ ನಾಲ್ಕು ವರ್ಷ ಮುಗಿದು ಫಲಿತಾಂಶ ಅಳೆಯಲು ಕೂತಾಗ ಆರೋಗ್ಯ, ತೆರಿಗೆ, ಉಪದ್ರವಗಳ ಜೊತೆಗೆ ಝೇಡೈಕ್‌ನಿಂದ ಅಟ್ಟಿಸಿಕೊಂಡವರನ್ನೂ, ಅವರ ಮಕ್ಕಳನ್ನೂ ಆ ಲೆಕ್ಕಕ್ಕೆ ಸೇರಿಸಿಕೊಳ್ಳಬೇಕು ಎಂಬುದು ನನ್ನ ಆಗ್ರಹ.